ಆದ ಖರ್ಚು ಆಯಿತು, ಕಟ್ಟೆ ಇಳಿಸಿ

ಪ್ರಶ್ನೆ: ನಾಗರಬಾವಿಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ 36 ಇಂಚು ಎತ್ತರ ಬಂದಿದೆ. ಅಡುಗೆ ಮಾಡುವುದು ಅಮ್ಮ, ಅವರ ಎತ್ತರ 4 ಅಡಿ 10 ಇಂಚು. ಇಳಿಸಲು 35 ಸಾವಿರ ಕೇಳುತ್ತಿದ್ದಾರೆ. ಈಗಾಗಲೇ 80 ಸಾವಿರ ಹಾಕಿದ್ದೇವೆ. ಒಡೆದರೆ ಅಷ್ಟೂ ದಂಡ ಅಲ್ವಾ?

ಒಮ್ಮೆ ಮೆಟ್ಟಿಲು, ಒಮ್ಮೆ ವಾರ್ಡ್‌ರೋಬ್, ಈಗ ಕಟ್ಟೆ. ಈ ಪ್ರಶ್ನೆ ನನಗೆ ಬರುತ್ತಲೇ ಇದೆ. ಎಲ್ಲರೂ ಹೋದ ದುಡ್ಡಿನ ಲೆಕ್ಕವನ್ನೇ ಬರೆಯುತ್ತಾರೆ. ನೀವು ಅಮ್ಮನ ಎತ್ತರವನ್ನಾದರೂ ಬರೆದಿದ್ದೀರಿ, ಸಂತೋಷ.

ಒಡೆದರೂ ಆ 80 ಸಾವಿರ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಹೀಗೆ ಹೋದ, ವಾಪಸ್ ಬರದ ದುಡ್ಡನ್ನೇ ಸಂಕ್ ಕಾಸ್ಟ್ ಎನ್ನುವುದು. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು ಅಮೆರಿಕದ ವಿದ್ಯಾರ್ಥಿಗಳಿಗೆ ಹೀಗೆ ಕೇಳಿದರು: ಎರಡು ಸ್ಕೀ ಪ್ರವಾಸದ ಟಿಕೆಟ್ ತಗೊಂಡಿದ್ದೀರಿ, ಒಂದಕ್ಕೆ 100 ಡಾಲರ್, ಇನ್ನೊಂದಕ್ಕೆ 50. ಖುಷಿ ಜಾಸ್ತಿ ಸಿಗುವುದು 50ರದ್ದರಲ್ಲೇ. ಎರಡೂ ಒಂದೇ ದಿನ ಬಿದ್ದಿವೆ, ದುಡ್ಡು ವಾಪಸ್ ಇಲ್ಲ. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕಿಂತ ಜಾಸ್ತಿ ಜನ 100ರದ್ದನ್ನೇ ಆರಿಸಿದರು.

ನೀವು ಹೀಗೆ ಯೋಚಿಸಿ. ಈ ಮನೆ ಇದೇ ಕಟ್ಟೆಯೊಂದಿಗೆ ನಿಮಗೆ ಪುಕ್ಕಟೆ ಸಿಕ್ಕಿದ್ದರೆ, ಅಮ್ಮನಿಗಾಗಿ 35 ಸಾವಿರ ಕೊಟ್ಟು ಇಳಿಸುತ್ತಿದ್ದಿರಾ? ಹೌದಾದರೆ ಈಗಲೂ ಇಳಿಸಿ. ಕಟ್ಟೆ ಮೊಣಕೈಗಿಂತ ಸುಮಾರು 4 ಇಂಚು ಕೆಳಗಿರಬೇಕು. ಅಮ್ಮನನ್ನೇ ಅಲ್ಲಿ ನಿಲ್ಲಿಸಿ ಅಳತೆ ತಗೊಳ್ಳಿ. ಕೆಳಗಿನ ಶಟರ್‌ಗಳಿಗೆ ಆರ್ಡರ್ ಕೊಡುವ ಮೊದಲೇ ತೀರ್ಮಾನ ಮಾಡಿ, ಆಮೇಲೆ ಖರ್ಚು ಜಾಸ್ತಿ. ಸ್ಲ್ಯಾಬ್ ತೆಗೆಯುವಾಗ ಒಡೆದರೆ ದುಡ್ಡು ಯಾರದು ಎಂದು ಮೊದಲೇ ಬರೆಸಿಕೊಳ್ಳಿ. ಮೇಸ್ತ್ರಿ ಎದುರು ನಿಂತು ಮಾತ್ರ ಒಪ್ಪಬೇಡಿ, ಮನೆಗೆ ಬಂದು ಒಂದು ರಾತ್ರಿ ಯೋಚಿಸಿ.

"ಕಾಲಡಿಗೆ ಒಂದು ಮಣೆ ಹಾಕಿಕೊಂಡರೆ ಸಾಕು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಕುದಿಯುವ ಸಾರಿನ ಪಾತ್ರೆ ಹಿಡಿದು ಅಮ್ಮ ಆ ಮಣೆಯಿಂದ ಇಳಿಯಬೇಕು.

ಪ್ರಶ್ನೆ: ಕಂಟ್ರಾಕ್ಟರ್ ಚದರಡಿಗೆ 2,400 ಹೇಳಿ 2,200ಕ್ಕೆ ಇಳಿದರು. ಲಾಭ ತಾನೇ?

ಮೊದಲು ಕಿವಿಗೆ ಬಿದ್ದ 2,400ಕ್ಕೆ ಮನಸ್ಸು ಅಂಟಿಕೊಂಡಿದೆ, ಅದಕ್ಕೇ 2,200 ಲಾಭ ಅನ್ನಿಸುತ್ತಿದೆ. ಈ ರೇಟು ಹೇಳದೆ ಇನ್ನಿಬ್ಬರ ಹತ್ತಿರ ಕೊಟೇಶನ್ ತಗೊಳ್ಳಿ.

ಪ್ರಶ್ನೆ: ಎರಡು ದಿನದ ಶಿಬಿರದಲ್ಲಿ ಯೋಚನೆಯ ಇಂಥ ತಪ್ಪುಗಳನ್ನೆಲ್ಲ ತಲೆಯಿಂದ ತೆಗೆಯುತ್ತಾರಂತೆ. ಸೇರಲೇ?

ಬೇಡ. ಈ ವಿಷಯದಲ್ಲೇ ಜೀವನ ಕಳೆದು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಇಷ್ಟೆಲ್ಲ ತಿಳಿದರೂ ತಾವು ಹೆಚ್ಚು ಬದಲಾಗಲಿಲ್ಲ ಎಂದೇ ಹೇಳುತ್ತಿದ್ದರು. ಶಿಬಿರದ ಫೀಸನ್ನು ಕಟ್ಟೆಗೆ ಹಾಕಿ.