ಸಮುದ್ರದ ಮೇಲಿನ ಹಾರಾಟ: ಎರಡು ವಿದೇಶಿ ಕರೆಗಳಲ್ಲಿ ಯಾವುದನ್ನು ಒಪ್ಪಲಿ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನವನು, ವಯಸ್ಸು 36. ಮುಂಬೈನ ಜುಹುವಿನಿಂದ ಬಾಂಬೆ ಹೈ ತೈಲಕ್ಷೇತ್ರದ ರಿಗ್‌ಗಳಿಗೆ ಎಡಬ್ಲ್ಯೂ139 ಹೆಲಿಕಾಪ್ಟರ್ ಹಾರಿಸುತ್ತಿದ್ದೇನೆ. ಕ್ಯಾಪ್ಟನ್ ಆಗಿ ಎರಡು ವರ್ಷವಾಯಿತು. ಈಗ ವಿದೇಶದಿಂದ ಎರಡು ಕಡೆ ಕರೆ ಬಂದಿದೆ. ಒಂದು ಯುಎಇಯ ಕಂಪನಿ: ನೇರ ನೇಮಕ, ಕುಟುಂಬಕ್ಕೆ ವೀಸಾ, ಮನೆ ಬಾಡಿಗೆ ಭತ್ಯೆ, ವರ್ಷಕ್ಕೆ 42 ದಿನ ರಜೆ, ತೈಲ ಕಂಪನಿಯೊಂದಿಗಿನ ಗುತ್ತಿಗೆ ಇನ್ನೂ ನಾಲ್ಕು ವರ್ಷ ಇದೆಯೆಂದು ಸಂದರ್ಶನದಲ್ಲಿ ಹೇಳಿದರು. ಇನ್ನೊಂದು ನೈಜೀರಿಯಾದ ಕೆಲಸ: ಏಜೆನ್ಸಿಯ ಮೂಲಕ 12 ತಿಂಗಳ ಒಪ್ಪಂದ, 28 ದಿನ ಕೆಲಸ, 28 ದಿನ ಮನೆ, ದಿನದ ಲೆಕ್ಕದಲ್ಲಿ ಡಾಲರ್. ದಿನದ ದರ ನೋಡಿದರೆ ಎರಡನೆಯದೇ ಬಹಳ ಹೆಚ್ಚು. ಹೆಂಡತಿ ದಾವಣಗೆರೆಯಲ್ಲಿ ಶಿಕ್ಷಕಿ, ಮಗಳು ಯುಕೆಜಿ. ಊರಿನಲ್ಲಿ ಅಪ್ಪ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಯಾವುದನ್ನು ಆರಿಸಲಿ?

ಉತ್ತರ (ವಿದೇಶದ ತೈಲಕ್ಷೇತ್ರಗಳಲ್ಲಿ ಹಾರಾಟ ನಡೆಸಿ ನಿವೃತ್ತರಾಗಿ, ಈಗ ದಾವಣಗೆರೆಯಲ್ಲಿ ನೆಲೆಸಿರುವ ಹೆಲಿಕಾಪ್ಟರ್ ಪೈಲಟ್ ಅವರಿಂದ):

ಯುಎಇಯ ಕೆಲಸದ ಬಗ್ಗೆ ಬರೆಯುವಾಗ ನೀವು ತೈಲ ಕಂಪನಿಯ ಗುತ್ತಿಗೆಯ ಅವಧಿಯನ್ನು ತಿಳಿಸಿದ್ದೀರಿ. ನೈಜೀರಿಯಾದ ಕೆಲಸದ ಬಗ್ಗೆ ಬರೆಯುವಾಗ ಅದನ್ನು ತಿಳಿಸಿಲ್ಲ. ನೀವು ಮರೆತಿರಲಾರಿರಿ, ಏಜೆನ್ಸಿಯವರೇ ಹೇಳಿರಲಿಕ್ಕಿಲ್ಲ. ನನ್ನ ಮಟ್ಟಿಗೆ ಈ ಆಯ್ಕೆಯ ಮುಕ್ಕಾಲು ಪಾಲು ಅಲ್ಲಿಯೇ ಇದೆ. ನಿಮಗೆ ಸಂಬಳ ಕೊಡುವ ಕಂಪನಿಯನ್ನು ಎಷ್ಟು ಪರೀಕ್ಷಿಸುತ್ತೀರೋ, ಆ ಕಂಪನಿಗೆ ಕೆಲಸ ಕೊಟ್ಟಿರುವ ತೈಲ ಕಂಪನಿಯ ಗುತ್ತಿಗೆಯನ್ನು ಅದಕ್ಕಿಂತ ಹೆಚ್ಚು ಪರೀಕ್ಷಿಸಬೇಕು.

ನಿಮ್ಮ ತಾಲ್ಲೂಕಿನ ಅಡಿಕೆ ಖೇಣಿಯನ್ನು, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದನ್ನು, ನೆನಪಿಸಿಕೊಳ್ಳಿ. ಕೊಯ್ಲಿನವರಿಗೆ ಕೂಲಿ ಕೊಡುವವನು ಖೇಣಿದಾರನೇ ಆದರೂ, ಮುಂದಿನ ವರ್ಷ ತೋಟ ಬೇರೊಬ್ಬ ಖೇಣಿದಾರನ ಪಾಲಾದರೆ ಹಳೆಯ ತಂಡಕ್ಕೆ ಅಲ್ಲಿ ಕೆಲಸ ಉಳಿಯುವುದು ಹೊಸಬನ ಮರ್ಜಿ. ಟೆಂಡರ್ ಕೈ ಬದಲಾದಾಗ ಹೆಲಿಕಾಪ್ಟರ್ ಬೇಸ್‌ಗಳಲ್ಲಿ ಆಗುವುದೂ ಅದೇ, ಅದನ್ನು ನೀವು ಜುಹುವಿನಲ್ಲಿಯೇ ನೋಡಿರುತ್ತೀರಿ. ಆದ್ದರಿಂದ ಎರಡೂ ಕಡೆಯವರನ್ನು ಕೇಳಿ: ನಾನು ಹಾರಿಸಲಿರುವ ಹೆಲಿಕಾಪ್ಟರ್ ಯಾವ ತೈಲ ಕಂಪನಿಯ ಗುತ್ತಿಗೆಯಲ್ಲಿದೆ, ಅದು ಯಾವ ತಿಂಗಳು ಮುಗಿಯುತ್ತದೆ, ಮುಂದುವರಿಸುವ ಅವಕಾಶ ಒಪ್ಪಂದದಲ್ಲಿಯೇ ಇದೆಯೇ? ಇದಕ್ಕೆ ಹಾರಿಕೆಯ ಉತ್ತರ ಬಂದರೆ, ಗುತ್ತಿಗೆಯ ಕೊನೆಯ ತಿಂಗಳುಗಳಿಗಾಗಿ ನಿಮ್ಮನ್ನು ಕರೆಯುತ್ತಿರಬಹುದು ಎಂದು ಭಾವಿಸುವುದೇ ಕ್ಷೇಮ.

ಕಂಪನಿ ದೊಡ್ಡದೆಂಬ ಭರವಸೆಯೂ ಸಾಲದು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಂದಿತು. ಅದೇ ವರ್ಷ ಸಿಎಚ್‌ಸಿ, 2019ರಲ್ಲಿ ಪಿಎಚ್‌ಐ ಮತ್ತು ಬ್ರಿಸ್ಟೋ, ಹೀಗೆ ಹೆಲಿಕಾಪ್ಟರ್ ಉದ್ಯಮದ ದೈತ್ಯರೇ ಅಮೆರಿಕದ ನ್ಯಾಯಾಲಯಗಳಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೇಳಬೇಕಾಯಿತು. ಮೂರೂ ಕಂಪನಿಗಳು ಮತ್ತೆ ಎದ್ದು ನಿಂತವು ಎಂಬುದು ನಿಜ. ಆ ಇಳಿಗಾಲದಲ್ಲಿ ನಾನಿದ್ದ ಬೇಸ್‌ನ ಗುತ್ತಿಗೆ ನವೀಕರಣವಾಗದೆ ಹೋದಾಗ, ಏಜೆನ್ಸಿಯ ಮೂಲಕ ಬಂದಿದ್ದ ಪೈಲಟ್‌ಗಳು 30 ದಿನಗಳ ನೋಟಿಸ್‌ನಲ್ಲಿ ಮನೆಗೆ ಹೋದರು. ನೇರ ನೇಮಕದವರಾದ ನಮಗೆ ಆರು ತಿಂಗಳ ಗಡುವೂ ಬೇರೆ ಬೇಸ್‌ಗೆ ಹೋಗುವ ಅವಕಾಶವೂ ಸಿಕ್ಕಿದವು. ಹಾರಾಟದ ಅನುಭವದಲ್ಲಿ ಅವರು ನಮಗಿಂತ ಒಂದು ಗುಂಜಿಯಷ್ಟೂ ಕಡಿಮೆ ಇರಲಿಲ್ಲ.

ಹೆಲಿಕಾಪ್ಟರಿನ ಮಾದರಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2016ರ ಏಪ್ರಿಲ್ 29ರಂದು ನಾರ್ವೆಯ ಬರ್ಗೆನ್ ಬಳಿಯ ತುರೋಯ್‌ನಲ್ಲಿ ಎಚ್225 ಹೆಲಿಕಾಪ್ಟರೊಂದರ ಮುಖ್ಯ ರೋಟರ್ ಹಾರಾಟದಲ್ಲಿಯೇ ಕಳಚಿಹೋಗಿ 13 ಮಂದಿ ಸತ್ತರು. ಗೇರ್‌ಬಾಕ್ಸಿನ ಒಂದು ಹಲ್ಲುಚಕ್ರ ಲೋಹದ ದಣಿವಿನಿಂದ ಬಿರುಕುಬಿಟ್ಟದ್ದು ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಬ್ರಿಟನ್ ಮತ್ತು ನಾರ್ವೆ ಆ ಮಾದರಿಯ ಮೇಲಿನ ನಿಷೇಧವನ್ನು ತೆರವುಗೊಳಿಸಿದ್ದು 2017ರ ಜುಲೈನಲ್ಲಿ. ಆ ಬಳಿಕವೂ ಉತ್ತರ ಸಮುದ್ರದ ತೈಲ ಕಾರ್ಮಿಕರು ಅದನ್ನು ಹತ್ತಲು ಒಪ್ಪಲಿಲ್ಲ. ಆ ಒಂದು ಮಾದರಿಯ ರೇಟಿಂಗ್ (ಅದನ್ನು ಹಾರಿಸುವ ಅಧಿಕೃತ ಅರ್ಹತೆ) ಮಾತ್ರ ಇದ್ದ ಪೈಲಟ್‌ಗಳ ಸ್ಥಿತಿಯನ್ನು ನೀವೇ ಊಹಿಸಿ. ನಿಮ್ಮ ಎಡಬ್ಲ್ಯೂ139 ಜಗತ್ತಿನ ಬಹುತೇಕ ತೈಲಕ್ಷೇತ್ರಗಳಲ್ಲಿ ಓಡುತ್ತಿರುವುದರಿಂದ ನಿಮಗೆ ಈಗ ಆ ಭಯವಿಲ್ಲ. ಆದರೂ ಕಂಪನಿಯ ಖರ್ಚಿನಲ್ಲಿ ಎರಡನೆಯ ಮಾದರಿಯ ತರಬೇತಿ ಸಿಗುವುದಾದರೆ ಅದಕ್ಕೆ ಸಂಬಳದಷ್ಟೇ ಬೆಲೆ ಕಟ್ಟಿ. ಅದಕ್ಕಾಗಿ, ಬೇಗ ಕೆಲಸ ಬಿಟ್ಟರೆ ತರಬೇತಿಯ ಖರ್ಚು ತೆರುವ ಬಾಂಡ್ ಕೇಳಿದರೆ, ಸೇವೆ ಮಾಡಿದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತಾ ಹೋಗುವ ಷರತ್ತು ಇರಲಿ. ಕಂಪನಿಯೇ ನಿಮ್ಮನ್ನು ತೆಗೆದರೆ ಬಾಂಡ್ ರದ್ದಾಗುತ್ತದೆ ಎಂಬುದೂ ಬರವಣಿಗೆಯಲ್ಲಿರಲಿ.

ಇನ್ನು ಹಣ. ದಿನದ ದರವನ್ನು ತಿಂಗಳ ಸಂಬಳದ ಪಕ್ಕದಲ್ಲಿಟ್ಟು ನೋಡಬೇಡಿ. ಮನೆಯಲ್ಲಿರುವ 28 ದಿನಗಳಿಗೆ ದುಡ್ಡಿಲ್ಲವೆಂದಾದರೆ ಆ ದರವನ್ನು ಗುಣಿಸಬೇಕಾದದ್ದು 365ರಿಂದಲ್ಲ, ಹೆಚ್ಚೆಂದರೆ 182ರಿಂದ. ಕಾಯಿಲೆಯಿಂದ ಒಂದು ಸುತ್ತು ತಪ್ಪಿದರೆ ಎರಡು ತಿಂಗಳ ಆದಾಯವೇ ತಪ್ಪಿದಂತೆ. ವೈದ್ಯಕೀಯ ಕಾರಣದಿಂದ ಲೈಸೆನ್ಸ್ ಕಳೆದುಕೊಂಡರೆ ಪರಿಹಾರ ಕೊಡುವ ವಿಮೆಯನ್ನು ಏಜೆನ್ಸಿ ಮಾಡಿಸುತ್ತದೆಯೋ, ನೀವೇ ಮಾಡಿಸಿಕೊಳ್ಳಬೇಕೋ ಕೇಳಿ. ಯುಎಇಯಲ್ಲಿ ಸಂಬಳದ ಮೇಲೆ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಕೆಲಸ ಬಿಡುವಾಗ ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಗ್ರಾಚ್ಯುಟಿಯಾಗಿ ಬರುತ್ತದೆ. ಮೂಲ ವೇತನ ಎಂಬ ಮಾತನ್ನು ಗಮನಿಸಿ: ಭತ್ಯೆಗಳನ್ನು ಉಬ್ಬಿಸಿ ಮೂಲ ವೇತನವನ್ನು ಕುಗ್ಗಿಸಿದ ಆಫರ್ ಮೇಲ್ನೋಟಕ್ಕೆ ಮಾತ್ರ ಚೆನ್ನಾಗಿರುತ್ತದೆ.

ಭಾರತದ ತೆರಿಗೆಯ ವಿಷಯದಲ್ಲಿ 28/28ರವರು ಬಹಳ ಎಚ್ಚರದಿಂದಿರಬೇಕು. ಆರ್ಥಿಕ ವರ್ಷವೊಂದರಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವರನ್ನು ಕಾನೂನು ನಿವಾಸಿ ಎಂದು ಪರಿಗಣಿಸುತ್ತದೆ. ಸಾಮಾನ್ಯ ನಿವಾಸಿಯ ವಿದೇಶಿ ಸಂಬಳವೂ ಇಲ್ಲಿನ ತೆರಿಗೆಗೆ ಒಳಪಡುತ್ತದೆ. ವರ್ಷದ ಅರ್ಧವೆಂದರೆ 182 ದಿನ ಮತ್ತು ಅರ್ಧ ದಿನ, ಅಂದರೆ ನೀವು ಗೆರೆಯ ಮೇಲೆಯೇ ನಿಂತಿರುತ್ತೀರಿ. ವರ್ಷಕ್ಕೆ ಆರೂವರೆ ಸುತ್ತು. ಪ್ರಯಾಣದ ದಿನಗಳು ನಿಮ್ಮ 28ರಲ್ಲಿಯೇ ಕಳೆದರೆ ಭಾರತದ ದಿನಗಳು ಸ್ವಲ್ಪ ಇಳಿಯುತ್ತವೆ, ಆದರೆ ವೀಸಾ ತಡವಾಗಿಯೋ ಜ್ವರ ಬಂದೋ ಮನೆಯಲ್ಲಿ ಹತ್ತು ದಿನ ಹೆಚ್ಚಾದರೆ ಆ ಉಳಿಕೆಯೆಲ್ಲ ಹೋಗುತ್ತದೆ. ಬಂದ ದಿನ ಮತ್ತು ಹೊರಟ ದಿನ ಎರಡನ್ನೂ ಭಾರತದ ದಿನಗಳೆಂದೇ ಹಿಡಿದು, ಏಪ್ರಿಲ್ 1ರಿಂದ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ನೀವೇ ಲೆಕ್ಕ ಇಡಿ. ಭಾರತದಲ್ಲಿನ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ ನಿಯಮ ಇನ್ನೂ ಬಿಗಿಯಾಗುತ್ತದೆ. ತೋಟದ ಅಡಿಕೆಯ ಕೃಷಿ ಆದಾಯ ಆ ಮಿತಿಗೆ ಸೇರುವುದಿಲ್ಲ, ಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಕೊಟ್ಟಿದ್ದರೆ ಅದು ಸೇರುತ್ತದೆ. ಸಹಿ ಹಾಕುವ ಮೊದಲು ಲೆಕ್ಕಪರಿಶೋಧಕರೊಬ್ಬರ ಬಳಿ ಒಂದು ಗಂಟೆ ಕೂತು ಬನ್ನಿ.

ಸುರಕ್ಷತೆಯ ಬಗ್ಗೆ ಕಂಪನಿಯ ಕರಪತ್ರವನ್ನು ಓದುವುದಕ್ಕಿಂತ ಆ ಬೇಸ್‌ನ ಪೈಲಟ್ ಒಬ್ಬರಿಗೆ ಫೋನ್ ಮಾಡುವುದು ಮೇಲು. ಹವಾಮಾನ ಕೆಟ್ಟು ನೀವು ಕೊನೆಯ ಸಲ ಅರ್ಧ ದಾರಿಯಿಂದ ಮರಳಿದ್ದು ಯಾವಾಗ, ಮರಳಿದ ಮೇಲೆ ಕಚೇರಿಯಲ್ಲಿ ಯಾರು ಏನೆಂದರು ಎಂದು ಕೇಳಿ. ಆ ಪ್ರಶ್ನೆಗೆ ಅವರು ಎಷ್ಟು ಹೊತ್ತು ಯೋಚಿಸುತ್ತಾರೆ ಎಂಬುದೇ ಒಂದು ಉತ್ತರ. ಸಿಮ್ಯುಲೇಟರ್ ತರಬೇತಿ ಎಷ್ಟು ತಿಂಗಳಿಗೊಮ್ಮೆ, ನೀರಿನಲ್ಲಿ ಮಗುಚಿದ ಹೆಲಿಕಾಪ್ಟರಿನಿಂದ ಹೊರಬರುವ ತರಬೇತಿ ಎಷ್ಟು ವರ್ಷಕ್ಕೊಮ್ಮೆ, ಗೇರ್‌ಬಾಕ್ಸಿನ ಕಂಪನವನ್ನು ಅಳೆಯುವ ಉಪಕರಣದ ದತ್ತಾಂಶವನ್ನು ಪ್ರತಿದಿನ ಯಾರು ನೋಡುತ್ತಾರೆ ಎಂಬುದನ್ನೂ ವಿಚಾರಿಸಿ. ಅಂತರರಾಷ್ಟ್ರೀಯ ತೈಲ ಮತ್ತು ಅನಿಲ ಉತ್ಪಾದಕರ ಸಂಘವು 2020ರಲ್ಲಿ ಹೊರತಂದ 690ನೆಯ ವರದಿಯಲ್ಲಿ ಈ ವಿಷಯಗಳ ಶಿಫಾರಸುಗಳಿವೆ. ತೈಲ ಕಂಪನಿ ಅದನ್ನು ಗುತ್ತಿಗೆಯಲ್ಲಿ ಕಡ್ಡಾಯ ಮಾಡಿದೆಯೇ ಎಂಬುದು ಒಳ್ಳೆಯ ಪ್ರಶ್ನೆ. ನೈಜೀರಿಯಾದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸಹಾರಾದಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳಿಗೆ ದೃಷ್ಟಿಗೋಚರತೆ ಕುಸಿಯುತ್ತದೆ. ಗಲ್ಫ್‌ನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಶಾಖದಲ್ಲಿ ಎಂಜಿನ್‌ನ ಮಿಗುತಾಯ ಶಕ್ತಿ ಕಡಿಮೆಯಾಗಿ, ಪ್ರಯಾಣಿಕರನ್ನೋ ಇಂಧನವನ್ನೋ ಇಳಿಸಬೇಕಾಗುತ್ತದೆ. ಬಾಂಬೆ ಹೈನ ಮುಂಗಾರಿನಲ್ಲಿ ಹಾರಿದವರಿಗೆ ಎರಡೂ ನಿಭಾಯಿಸಲಾಗದ ಸಂಗತಿಗಳಲ್ಲ. ನೈಜರ್ ನದೀಮುಖದ ಪ್ರದೇಶದಲ್ಲಿ ವಿದೇಶಿಯರ ಅಪಹರಣ ನಡೆದದ್ದುಂಟು. ವಸತಿ, ಬೆಂಗಾವಲು ಮತ್ತು ತುರ್ತು ವೈದ್ಯಕೀಯ ಸ್ಥಳಾಂತರ ಯಾರ ಹೊಣೆ ಎಂಬುದು ಒಪ್ಪಂದದಲ್ಲಿರಬೇಕು.

ನೈಜೀರಿಯಾದಲ್ಲಿ 2010ರಿಂದ ತೈಲ ಉದ್ಯಮದಲ್ಲಿ ಸ್ಥಳೀಯರಿಗೆ ಆದ್ಯತೆ ನೀಡುವ ಕಾನೂನಿದೆ. ವಿದೇಶಿ ಕ್ಯಾಪ್ಟನ್‌ಗಳ ಜಾಗ ಅಲ್ಲಿ ಹೆಚ್ಚುವುದಕ್ಕಿಂತ ಕಡಿಮೆಯಾಗುವ ಸಂಭವವೇ ಹೆಚ್ಚು.

ಮನೆಯ ವಿಷಯದಲ್ಲಿ ನಿಮಗಿಂತ ನಿಮ್ಮ ಪತ್ನಿಯವರ ಮಾತಿಗೆ ತೂಕ ಹೆಚ್ಚು. ಯುಎಇ ಎಂದರೆ ಅವರು ದಾವಣಗೆರೆಯ ಕೆಲಸ ಬಿಡಬೇಕು, ಮಗಳು ಒಂದನೆಯ ತರಗತಿಗೆ ಅಲ್ಲಿ ಸೇರಬೇಕು. ನೈಜೀರಿಯಾದ 28/28ರ ರೋಟೇಷನ್ ಎಂದರೆ ಅವರು ಇಲ್ಲಿಯೇ ಇರಬಹುದು, ನೀವೂ ಕೊಯ್ಲಿನ ಕಾಲದಲ್ಲಿ ತಿಂಗಳಿಡೀ ಅಪ್ಪನ ಜೊತೆಗಿರಬಹುದು. ರೋಟೇಷನ್ ಜೀವನವನ್ನು ನಾನು ವರ್ಷಗಟ್ಟಲೆ ಬದುಕಿದ್ದೇನೆ, ಅದು ನನಗೆ ಇಷ್ಟವೂ ಆಗಿತ್ತು. ಹಾಗಿದ್ದರೂ ನಿಮ್ಮ ಮುಂದಿರುವ ಈ ಎರಡರಲ್ಲಿ ನಾನು ಯುಎಇಯನ್ನೇ ಆರಿಸುತ್ತೇನೆ, ಏಕೆಂದರೆ ನಾಲ್ಕು ವರ್ಷದ ಗುತ್ತಿಗೆಯ ಬೆನ್ನಿರುವ ನೇರ ನೇಮಕದ ಎದುರು, ಗುತ್ತಿಗೆಯ ಸುಳಿವೇ ಇಲ್ಲದ 12 ತಿಂಗಳ ಏಜೆನ್ಸಿ ಪತ್ರ ನಿಲ್ಲುವುದಿಲ್ಲ. ಏಜೆನ್ಸಿಯವರು ತೈಲ ಕಂಪನಿಯ ಗುತ್ತಿಗೆ ಕನಿಷ್ಠ ಮೂರು ವರ್ಷ ಉಳಿದಿದೆಯೆಂದು ತೋರಿಸಿ, 90 ದಿನಗಳ ನೋಟಿಸ್ ಮತ್ತು ಲೈಸೆನ್ಸ್ ವಿಮೆಯನ್ನು ಬರೆದುಕೊಟ್ಟರೆ ನನ್ನ ಅಭಿಪ್ರಾಯ ಬದಲಾಗುತ್ತದೆ. ಕೇಳಿ ನೋಡಿ.

ಯಾವುದನ್ನು ಒಪ್ಪಿದರೂ, ಆ ದೇಶದ ವಿಮಾನಯಾನ ಪ್ರಾಧಿಕಾರ ನಿಮ್ಮ ಭಾರತೀಯ ಲೈಸೆನ್ಸನ್ನು ಮಾನ್ಯ ಮಾಡಿದ ಪತ್ರ ಮತ್ತು ಕೆಲಸದ ವೀಸಾ ಎರಡೂ ಕೈಗೆ ಬರುವ ತನಕ ಜುಹುವಿನಲ್ಲಿ ರಾಜೀನಾಮೆ ಕೊಡಬೇಡಿ. ಅಲ್ಲಿಯ ನೋಟಿಸ್ ಅವಧಿಯನ್ನು ಹೊಸ ಕಂಪನಿಗೆ ಈಗಲೇ ತಿಳಿಸಿ. ಆ ಮಾನ್ಯತೆ ನಿಂತಿರುವುದು ಭಾರತೀಯ ಲೈಸೆನ್ಸಿನ ಮೇಲೆಯೇ ಆದ್ದರಿಂದ, ವಿದೇಶಕ್ಕೆ ಹೋದ ಮೇಲೂ ಇಲ್ಲಿಯ ವೈದ್ಯಕೀಯ ಪರೀಕ್ಷೆ ಮತ್ತು ನವೀಕರಣದ ದಿನಾಂಕಗಳನ್ನು ತಪ್ಪಿಸಬೇಡಿ.