ಪ್ರತಿಕ್ರಿಯೆ: ಒಪೆತ್ ಮೊದಲೋ, ಬ್ಲಡ್ ಇನ್‌ಕಾಂಟೇಶನ್ ಮೊದಲೋ?

ಒಪೆತ್, ಬ್ಲಡ್ ಇನ್‌ಕಾಂಟೇಶನ್ ಎಂಬ ಮೆಟಲ್ ಬ್ಯಾಂಡ್‌ಗಳ 2024ರ ಎರಡು ಆಲ್ಬಂಗಳಲ್ಲಿ ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಕೇಳಲು ಯಾವುದು, ಡಬಲ್ ಬಾಸ್ (ಎರಡೂ ಕಾಲಿನಿಂದ ಬಿರುಸಾಗಿ ಬಡಿಯುವ ಕಿಕ್ ಡ್ರಮ್) ಯಾಕೆ ಕಲಸಿದ ಹಾಗೆ ಕೇಳುತ್ತದೆ ಎಂದು ಕೇಳಿದ್ದೀರಿ.

ಬಸ್ಸಿಗೆ ಒಪೆತ್‌ನ ‘ದಿ ಲಾಸ್ಟ್ ವಿಲ್ ಆಂಡ್ ಟೆಸ್ಟಮೆಂಟ್’. 2008ರ ‘ವಾಟರ್‌ಶೆಡ್’ ಬಳಿಕ ಗಂಟಲ ಗರ್ಜನೆ ಮರಳಿದ ಆಲ್ಬಂ ಅಂತ ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಹೊಸ ಡ್ರಮ್ಮರ್ ವಾಲ್ಟೆರಿ ವಾಯ್ರುನೆನ್ ಕೈಚಳಕ. ಜೆತ್ರೋ ಟಲ್ ಬ್ಯಾಂಡಿನ ಇಯಾನ್ ಆಂಡರ್ಸನ್‌ರ ಕೊಳಲೂ ಇದೆ, ಬಿಡಬೇಡಿ.

ಬ್ಲಡ್ ಇನ್‌ಕಾಂಟೇಶನ್‌ನ ‘ಆಬ್ಸಲ್ಯೂಟ್ ಎಲ್ಸ್‌ವೇರ್’ ಬಸ್ಸಿಗಲ್ಲ. ಇಪ್ಪತ್ತು ನಿಮಿಷ ದಾಟುವ ಎರಡೇ ಹಾಡು, ತಲಾ ಮೂರು ಭಾಗ. ನಡುವಿನ ಮೆಲುದನಿಯ ಸಿಂಥಸೈಸರ್ ಎಂಜಿನ್ ಸದ್ದಿನಲ್ಲಿ ಕಾಣೆಯಾಗುತ್ತದೆ. ರಾತ್ರಿ ಮನೆಯಲ್ಲಿ ಕೇಳಿ.

ಕಲಸುವುದಕ್ಕೆ ಕಾರಣ ಬಹುಪಾಲು ಇಯರ್‌ಫೋನಿನ ರಬ್ಬರ್ ತುದಿ. ಅದು ಸಡಿಲವಾದರೆ ಬಾಸ್ (ತಗ್ಗು ದನಿ) ಸೋರುತ್ತದೆ, ನೀವು ಬಾಸ್ ಬೂಸ್ಟ್ ಹಾಕುತ್ತೀರಿ, ತೆಂಕುತಿಟ್ಟಿನ ಚೆಂಡೆಯಬ್ಬರಕ್ಕೆ ಮದ್ದಳೆ ಮುಳುಗಿದಂತೆ ಉಳಿದದ್ದೆಲ್ಲ ಮುಳುಗುತ್ತದೆ. ಒಂದು ಅಳತೆ ದೊಡ್ಡ ತುದಿ ಹಾಕಿ, ಬೂಸ್ಟ್ ತೆಗೆಯಿರಿ. ಈಕ್ವಲೈಸರ್‌ನಲ್ಲಿ (ತಗ್ಗು, ಹೆಚ್ಚು ದನಿಗಳ ಮಟ್ಟ ಹೊಂದಿಸುವ ಸೆಟ್ಟಿಂಗ್) 250 ಹರ್ಟ್ಸ್ 3 ಡೆಸಿಬೆಲ್ ಇಳಿಸಿ, 3 ಕಿಲೋಹರ್ಟ್ಸ್ 2 ಏರಿಸಿ. ಕಿಕ್‌ನ ಪೆಟ್ಟು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.