ಪುಸ್ತಕ ಉಚಿತ ಅಂತ ಗೊತ್ತಾಯಿತು, ಅದರಿಂದ ಪಾಠ ಮಾಡಬಹುದಾ?

ನಮಸ್ಕಾರ,

ನಿಮ್ಮ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸೋಕೆ ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕಿಂಗ್ ಕಲಿಸುವವರೇ ಕೂತು, ತರಗತಿಗೆ ಯಾವ ಪುಸ್ತಕ ಹಿಡಿದುಕೊಂಡು ಹೋಗಬೇಕು ಅಂತ ಕನ್ನಡದಲ್ಲಿ ಬರೆಯುವುದು ತೀರಾ ಅಪರೂಪ. ನನಗೆ ಈ ಲೇಖನ ಬೇಕು. ಅದಕ್ಕೇ ಇಷ್ಟು ಉದ್ದದ ಉತ್ತರ.

ಈ ಪತ್ರವನ್ನು ಬೇರೆಯವರೂ ಓದುವುದರಿಂದ ವಿಷಯ ಏನು ಅಂತ ಹೇಳಿಬಿಡುತ್ತೇನೆ. ನೀವು ಬರೆದಿರುವುದು ಲ್ಯಾರಿ ಪೀಟರ್ಸನ್ ಮತ್ತು ಬ್ರೂಸ್ ಡೇವಿ ಅವರ ‘ಕಂಪ್ಯೂಟರ್ ನೆಟ್‌ವರ್ಕ್ಸ್: ಎ ಸಿಸ್ಟಮ್ಸ್ ಅಪ್ರೋಚ್’ ಪುಸ್ತಕದ ಬಗ್ಗೆ. 1996ರಲ್ಲಿ ಮೊದಲ ಸಲ ಅಚ್ಚಾಗಿ, ವರ್ಷಗಟ್ಟಲೆ ದುಡ್ಡು ಕೊಟ್ಟೇ ಕೊಳ್ಳಬೇಕಾಗಿದ್ದ ಪಠ್ಯಪುಸ್ತಕ ಅದು. ಈಗ ಅದರ ಮೂಲ ಪಠ್ಯವೇ ಗಿಟ್‌ಹಬ್ ಜಾಲತಾಣದಲ್ಲಿ ಸಿಸಿ ಬೈ 4.0 (ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್) ಪರವಾನಗಿಯಲ್ಲಿ ಸಿಗುತ್ತದೆ. ನೀವು ಅದನ್ನು ಹತ್ತು ಅಂಶಗಳಲ್ಲಿ ಅಳೆದು, ಒಂದೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ ಹಾಕಿ, ಕೊನೆಗೆ ‘ನಮ್ಮ ಕಾಲೇಜುಗಳಿಗೆ ಅತ್ಯಂತ ಸೂಕ್ತ’ ಅಂತ ಮುಗಿಸಿದ್ದೀರಿ.

ಮೊದಲು ಆ ಹತ್ತು ಅಂಶಗಳ ಬಗ್ಗೆ. ಅವು ಎಲ್ಲಿಂದ ಬಂದವು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಶುರುವಾದ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿಯಲ್ಲಿ ಪ್ರಾಧ್ಯಾಪಕರು ವಿಮರ್ಶೆ ಬರೆಯುವಾಗ ಇದೇ ಅಂಶಗಳಿಗೆ ಉತ್ತರ ಕೊಡುತ್ತಾರೆ: ಸಮಗ್ರತೆ, ನಿಖರತೆ, ಸ್ಪಷ್ಟತೆ, ವ್ಯಾಕರಣ ದೋಷ, ಹೀಗೆ. ಅಲ್ಲಿ ನೂರಾರು ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕಾಗುತ್ತದೆ, ಹಾಗಾಗಿ ಎಲ್ಲದಕ್ಕೂ ಒಂದೇ ಫಾರಂ ಬೇಕು. ಆದರೆ ನಮ್ಮ ಓದುಗರು ಒಂದೇ ಪುಸ್ತಕದ ಬಗ್ಗೆ ಓದುತ್ತಿದ್ದಾರೆ. ‘ಸ್ಪಷ್ಟತೆ: 4’ ಅಂದರೆ ಅವರಿಗೆ ಏನು ಅರ್ಥ ಆಗಬೇಕು? ಯಾವ ಪುಟ ಸ್ಪಷ್ಟವಾಗಿದೆ, ಯಾವ ಪುಟದಲ್ಲಿ ಆ ಒಂದು ಅಂಕ ಹೋಯಿತು? ನಿಮ್ಮ ಇಡೀ ಲೇಖನದಲ್ಲಿ ಪುಸ್ತಕದ ಒಂದೇ ಒಂದು ವಿವರಣೆಯನ್ನೂ ನೀವು ಬಿಚ್ಚಿ ತೋರಿಸಿಲ್ಲ. ಬೆಲೆ ಇದೆ, ಅಧ್ಯಾಯಗಳ ಪಟ್ಟಿ ಇದೆ, ಲೇಖಕರ ಹಿನ್ನೆಲೆ ಇದೆ. ಈ ಪುಸ್ತಕ ಓದಿದ ಹುಡುಗಿಗೋ ಹುಡುಗನಿಗೋ ಏನಾದರೂ ತಲೆಗೆ ಹತ್ತುತ್ತದಾ ಅನ್ನುವುದು ಮಾತ್ರ ಎಲ್ಲೂ ಇಲ್ಲ.

ನನ್ನ ಮುಖ್ಯ ಸಲಹೆ ಇಷ್ಟೇ. ವಿದ್ಯಾರ್ಥಿಗಳು ಪ್ರತಿ ವರ್ಷ ಮುಗ್ಗರಿಸುವ ಒಂದು ಕಷ್ಟದ ವಿಷಯ ತೆಗೆದುಕೊಳ್ಳಿ. ಈ ಪುಸ್ತಕ ಅದನ್ನು ಹೇಗೆ ಕಲಿಸುತ್ತದೆ ಅಂತ ನಿಧಾನವಾಗಿ, ಸಾಲು ಸಾಲಾಗಿ ತೋರಿಸಿ. ಆ ಹತ್ತು ಅಂಶಗಳ ಪಟ್ಟಿಯನ್ನು ಬಿಟ್ಟುಬಿಡಿ.

ನಾನೇ ಒಂದು ಉದಾಹರಣೆ ಕೊಡುತ್ತೇನೆ, ಟಿಸಿಪಿಯ ಸ್ಲೈಡಿಂಗ್ ವಿಂಡೋ. ಟಿಸಿಪಿ ಅಂದರೆ ಇಂಟರ್ನೆಟ್‌ನಲ್ಲಿ ದತ್ತಾಂಶವನ್ನು ತಪ್ಪದೆ ತಲುಪಿಸುವ ನಿಯಮಗಳ ಕಟ್ಟು, ವಿಂಡೋ ಅಂದರೆ ತಲುಪಿತು ಅನ್ನುವ ಉತ್ತರಕ್ಕೆ ಕಾಯದೆ ಎಷ್ಟು ಕಳಿಸಬಹುದು ಅನ್ನುವ ಮಿತಿ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರನ್ನು ಹೀಗೆ ಕೇಳಿ ನೋಡಿ: ಮನೆಯಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲೈನ್ ಇದೆ, ಸರ್ವರ್ ಅಮೆರಿಕದಲ್ಲಿದೆ, ಹೋಗಿ ಬರೋಕೆ ಸುಮಾರು 200 ಮಿಲಿಸೆಕೆಂಡ್ ಬೇಕು, ವಿಂಡೋ 65,535 ಬೈಟ್ ಇದ್ದರೆ ಎಷ್ಟು ವೇಗ ಸಿಗುತ್ತದೆ? ದತ್ತಾಂಶದ ಪ್ರತಿ ತುಂಡಿನ (ಪ್ಯಾಕೆಟ್) ತಲೆಯಲ್ಲಿರುವ ಟಿಸಿಪಿ ಹೆಡರಿನಲ್ಲಿ ವಿಂಡೋಗೆ ಇರುವ ಜಾಗ 16 ಬಿಟ್, ಅಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಅಷ್ಟು ಕಳಿಸಿದ ಮೇಲೆ ಉತ್ತರ ಬರುವವರೆಗೆ ಕಳಿಸುವವನು ಸುಮ್ನೆ ಕೂರಬೇಕು. 200 ಮಿಲಿಸೆಕೆಂಡಿಗೆ 65,535 ಬೈಟ್ ಅಂದರೆ ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್. 100ರಲ್ಲಿ 2.6! ಲೈನ್ ತುಂಬಬೇಕಾದರೆ ಒಂದೇ ಸಲಕ್ಕೆ 2.5 ಮೆಗಾಬೈಟ್ ದಾರಿಯಲ್ಲಿರಬೇಕು. ಈ ಲೆಕ್ಕ ಒಮ್ಮೆ ಕೈಯಾರೆ ಮಾಡಿದವರಿಗೆ ವಿಂಡೋ ಯಾಕಿದೆ, ಆಮೇಲೆ ಆ ಮಿತಿಯನ್ನು ದೊಡ್ಡದು ಮಾಡುವ ವಿಂಡೋ ಸ್ಕೇಲಿಂಗ್ ಅನ್ನುವ ಆಯ್ಕೆಯನ್ನು ಯಾಕೆ ಸೇರಿಸಬೇಕಾಯಿತು ಅನ್ನುವುದು ಬಾಯಿಪಾಠ ಇಲ್ಲದೆ ಅರ್ಥ ಆಗುತ್ತದೆ.

ಈಗ ಪುಸ್ತಕಕ್ಕೆ ಬನ್ನಿ. ಐದನೇ ಅಧ್ಯಾಯದಲ್ಲಿ ಇದೇ ವಿಷಯ ಇದೆ. 100 ಮಿಲಿಸೆಕೆಂಡ್ ರೌಂಡ್ ಟ್ರಿಪ್ ಅಂತ ಇಟ್ಟುಕೊಂಡು, ಯಾವ ವೇಗದ ಲೈನಿಗೆ ಎಷ್ಟು ದೊಡ್ಡ ವಿಂಡೋ ಬೇಕು ಅಂತ ಒಂದು ಕೋಷ್ಟಕ ಕೊಟ್ಟಿದ್ದಾರೆ. 100 ಎಂಬಿಪಿಎಸ್‌ಗೆ 1.2 ಮೆಗಾಬೈಟ್. ಅದರ ಹತ್ತಿರವೇ ಇನ್ನೊಂದು ಕೋಷ್ಟಕ ಇದೆ, ಕಳಿಸುವ ಬೈಟ್‌ಗಳನ್ನು ಎಣಿಸುವ 32 ಬಿಟ್‌ನ ಸೀಕ್ವೆನ್ಸ್ ನಂಬರ್ ಎಷ್ಟು ಹೊತ್ತಿನಲ್ಲಿ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬರುತ್ತದೆ ಅಂತ. ಅಲ್ಲಿ ಹೆಡರ್ ಹೀಗಿದೆ ಅಂತ ಹೇಳಿ ಮುಂದೆ ಹೋಗಿಬಿಡುವುದಿಲ್ಲ, ವೇಗ ಜಾಸ್ತಿಯಾದ ಹಾಗೆ ಈ ಹೆಡರ್ ಎಲ್ಲಿ ಸಾಲದಾಗುತ್ತದೆ ಅಂತಲೂ ತೋರಿಸುತ್ತಾರೆ. ಹೆಸರಿನಲ್ಲಿರುವ ‘ಸಿಸ್ಟಮ್ಸ್ ಅಪ್ರೋಚ್’ ಅಂದರೆ ಇದೇ. ನಿಮ್ಮ ಲೇಖನ ಆ ಮಾತನ್ನು ನಾಲ್ಕು ಕಡೆ ಹೊಗಳಿದೆ, ಒಂದು ಕಡೆಯೂ ತೋರಿಸಿಲ್ಲ.

ಕೊರತೆಯನ್ನೂ ಅಲ್ಲೇ ಹೇಳಬಹುದು. ಆ ಕೋಷ್ಟಕದಲ್ಲಿ ಟಿ1, ಟಿ3, ಓಸಿ-3 ಅಂತ ಟೆಲಿಫೋನ್ ಕಂಪನಿಗಳ ಹಳೆಯ ಲೈನುಗಳ ಹೆಸರುಗಳಿವೆ. ಇವತ್ತು ಮೂರನೇ ವರ್ಷದಲ್ಲಿ ಓದುತ್ತಿರುವವರು ಅವನ್ನು ಕಂಡಿಲ್ಲ, ಕಾಣುವುದೂ ಅನುಮಾನ. ಅವರಿಗೆ ಗೊತ್ತಿರುವುದು ಮನೆಯ ಫೈಬರ್, ಮೊಬೈಲ್ ಡೇಟಾ, ಹಾಸ್ಟೆಲ್ಲಿನ ವೈಫೈ. ಪಾಠ ಮಾಡುವವರು ಆ ಕೋಷ್ಟಕವನ್ನು ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ. ಅದೇನು ದೊಡ್ಡ ಕೆಲಸವಲ್ಲ, ಆದರೆ ಆ ಕೆಲಸ ಇದೆ ಅಂತ ನಿಮ್ಮ ಓದುಗರಿಗೆ ತಿಳಿಯಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್ಟುಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಒಂದು ಸಂಪರ್ಕವನ್ನು ಹಿಡಿದು ತೋರಿಸಿ. ಸಂಪರ್ಕ ಶುರು ಮಾಡುವ ಮೊದಲ ಸಿನ್ ಪ್ಯಾಕೆಟ್ಟಿನಲ್ಲೇ ವಿಂಡೋ ಸ್ಕೇಲ್ ಎಷ್ಟು ಅಂತ ಇರುತ್ತದೆ. ಮಧ್ಯದಿಂದ ಹಿಡಿಯಲು ಶುರು ಮಾಡಿದರೆ ಸ್ಕೇಲ್ ಗೊತ್ತಿಲ್ಲ ಅಂತ ವೈರ್‌ಶಾರ್ಕ್ ಮೈನಸ್ ಒಂದು ತೋರಿಸುತ್ತದೆ. ಯಾಕೆ ಹಾಗೆ ಅಂತ ವಿದ್ಯಾರ್ಥಿ ಕೇಳಿದರೆ ಪಾಠ ಅರ್ಧ ಮುಗಿದ ಹಾಗೆ. ಪುಸ್ತಕ ಓದಿದವರಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯುತ್ತದಾ? ಇದನ್ನು ನಿಮ್ಮ ತರಗತಿಯಲ್ಲೇ ಪರೀಕ್ಷಿಸಿ ನೋಡಬಹುದು, ಅಂಕ ಹಾಕುವುದಕ್ಕಿಂತ ಅದು ಎಷ್ಟೋ ಮೇಲು.

‘ವಿಟಿಯು ಪಠ್ಯಕ್ರಮಕ್ಕೆ ಹೊಂದುತ್ತದೆ’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಹೊಂದುವುದು ಅಂದರೆ ಯಾವ ಅರ್ಥದಲ್ಲಿ? ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಬಿನಲ್ಲಿ ದತ್ತಾಂಶ ಹರಿಯುವ ವೇಗವನ್ನು ಮಿತಿಯಲ್ಲಿಡುವ ಲೀಕಿ ಬಕೆಟ್ ಪ್ರೋಗ್ರಾಂ ವರ್ಷಗಳಿಂದ ಇದೆ, ದೋಷ ಪತ್ತೆ ಮಾಡುವ ಸಿಆರ್‌ಸಿ ಪ್ರೋಗ್ರಾಂ ಇದೆ, ಮೂರು ನೋಡ್‌ಗಳ ನೆಟ್‌ವರ್ಕ್ ಕಟ್ಟಿ ಬ್ಯಾಂಡ್‌ವಿಡ್ತ್ ಬದಲಾಯಿಸುತ್ತಾ ಎಷ್ಟು ಪ್ಯಾಕೆಟ್ ಬಿದ್ದುಹೋದವು ಅಂತ ಎಣಿಸುವ ಸಿಮ್ಯುಲೇಶನ್ ಇದೆ. ಹೆಚ್ಚಿನವರು ರೆಕಾರ್ಡ್ ಬುಕ್ಕಿನಿಂದ ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಅಲ್ವಾ? ಈ ಪುಸ್ತಕದಲ್ಲಿ ಕಂಜೆಶನ್ ಕಂಟ್ರೋಲ್‌ಗೆ, ಅಂದರೆ ದಟ್ಟಣೆ ನಿಯಂತ್ರಣಕ್ಕೆ ಅಂತಲೇ ಒಂದು ಪೂರ್ತಿ ಅಧ್ಯಾಯ ಇದೆ, ಆರನೆಯದು. ಅಲ್ಲಿ ಹೆಚ್ಚಿನ ಜಾಗ ಟಿಸಿಪಿಗೆ ಹೋಗಿದೆ. ಲೀಕಿ ಬಕೆಟ್‌ಗೆ ಹತ್ತಿರದ ಟೋಕನ್ ಬಕೆಟ್ ಬರುವುದು ಅಧ್ಯಾಯದ ಕೊನೆಗೆ, ಸೇವೆಯ ಗುಣಮಟ್ಟದ ಭಾಗದಲ್ಲಿ. ಲ್ಯಾಬಿನಲ್ಲಿ ಬಕೆಟ್ ಪ್ರೋಗ್ರಾಂ ಬರೆದವರು ಈ ಅಧ್ಯಾಯ ತೆರೆದರೆ ಅವರಿಗೆ ದಾರಿ ಸಿಗುತ್ತದಾ, ತಪ್ಪುತ್ತದಾ? ಇದಕ್ಕೆ ಉತ್ತರ ನನ್ನ ಬಳಿ ಇಲ್ಲ, ನಿಮ್ಮ ಬಳಿ ಇದೆ, ಯಾಕೆಂದರೆ ಆ ಲ್ಯಾಬ್ ನಡೆಸುವವರು ನೀವು. ಅದನ್ನೇ ಬರೆಯಿರಿ.

ಈ ಅಧ್ಯಾಯದ ಹಿಂದಿರುವ ಕತೆಯನ್ನಾದರೂ ನೀವು ಹೇಳಬೇಕಿತ್ತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ನಡುವಿನ ದೂರ 400 ಗಜ, ಅಷ್ಟೇ. ಎಲ್ಲರೂ ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಹೋದರು, ದಟ್ಟಣೆ ಇನ್ನೂ ಏರಿತು. ಯಾಕೆ ಹೀಗಾಯಿತು ಅಂತ ಆ ಲ್ಯಾಬಿನ ವ್ಯಾನ್ ಜೇಕಬ್ಸನ್ ಹುಡುಕುತ್ತಾ ಹೋಗಿದ್ದರಿಂದ 1988ರಲ್ಲಿ ಸ್ಲೋ ಸ್ಟಾರ್ಟ್ (ಸ್ವಲ್ಪದರಿಂದ ಶುರು ಮಾಡಿ ಏರಿಸುವುದು) ಮತ್ತು ಕಂಜೆಶನ್ ವಿಂಡೋ (ದಟ್ಟಣೆ ನೋಡಿ ಹಿಗ್ಗುವ ಕುಗ್ಗುವ ಮಿತಿ) ವಿವರಿಸುವ ಪ್ರಬಂಧ ಬಂತು. ವಿದ್ಯಾರ್ಥಿಗಳಿಗೆ ಮೊದಲು ಆ ತೊಂದರೆ ಕಾಣಬೇಕು, ಆಮೇಲೆ ಗ್ರಾಫ್. ಪೀಟರ್ಸನ್ ಮತ್ತು ಡೇವಿ ಪ್ರತಿ ಅಧ್ಯಾಯವನ್ನೂ ‘ಸಮಸ್ಯೆ’ ಅನ್ನುವ ತಲೆಬರಹದಿಂದಲೇ ಶುರು ಮಾಡುತ್ತಾರೆ. ಪಾಠ ಮಾಡುವವರಿಗೆ ಇದು ಎಷ್ಟು ದೊಡ್ಡ ಸಹಾಯ ಅಂತ ಬೋರ್ಡಿನ ಮುಂದೆ ನಿಂತವರಿಗೇ ಗೊತ್ತು, ಆದರೆ ನಿಮ್ಮ ಲೇಖನದಲ್ಲಿ ಇದರ ಮಾತೇ ಇಲ್ಲ.

ಇನ್ನು ಪರವಾನಗಿ. ‘ಉಚಿತ’ ಅನ್ನುವ ಪದವನ್ನು ನೀವು ಬಹಳ ಸಲ ಬಳಸಿದ್ದೀರಿ, ಆದರೆ ಈ ಪುಸ್ತಕದ ಬಗ್ಗೆ ಉಚಿತ ಅನ್ನುವುದು ಚಿಕ್ಕ ಮಾತು. ಸಿಸಿ ಬೈ ಅಂದರೆ ಲೇಖಕರ ಹೆಸರು ಹೇಳಿ, ಪರವಾನಗಿಯ ಕೊಂಡಿ ಕೊಟ್ಟು, ಏನು ಬದಲಾಯಿಸಿದ್ದೀರಿ ಅಂತ ತಿಳಿಸಿದರೆ, ನೀವು ಅದನ್ನು ಕತ್ತರಿಸಬಹುದು, ಟಿ1 ತೆಗೆದು ಫೈಬರ್ ಹಾಕಬಹುದು, ನಿಮ್ಮ ಲ್ಯಾಬಿನ ಪಾಠ ಸೇರಿಸಬಹುದು, ಕನ್ನಡಕ್ಕೆ ತಂದು ಹಂಚಬಹುದು, ಜೆರಾಕ್ಸ್ ಅಂಗಡಿಯವರು ಅಚ್ಚು ಹಾಕಿ ಮಾರಬಹುದು ಕೂಡ. ಇದನ್ನು ಪೀಟರ್ ಡೋರ್ಡಲ್ ಅವರ ‘ಆ್ಯನ್ ಇಂಟ್ರೊಡಕ್ಷನ್ ಟು ಕಂಪ್ಯೂಟರ್ ನೆಟ್‌ವರ್ಕ್ಸ್’ ಜೊತೆ ಇಟ್ಟು ನೋಡಿ. ಡೋರ್ಡಲ್ ಪುಸ್ತಕವೂ ಓದೋಕೆ ಉಚಿತ, ಆದರೆ ಅದರ ಪರವಾನಗಿ ಬೈ-ಎನ್‌ಸಿ-ಎನ್‌ಡಿ. ಬದಲಾಯಿಸಿದ ರೂಪವನ್ನು ಕೇಳದೆ ಹಂಚುವ ಹಾಗಿಲ್ಲ, ಅನುವಾದವೂ ಅದರಲ್ಲೇ ಬಂತು. ದುಡ್ಡಿಗಾಗಿ ಬಳಸುವ ಹಾಗೂ ಇಲ್ಲ. ಹಾಗಂತ ಅದನ್ನು ತಳ್ಳಿಹಾಕಬೇಡಿ. ಟಿಸಿಪಿಯ ವಿಷಯದಲ್ಲಿ ಅದು ತುಂಬಾ ಆಳಕ್ಕೆ ಇಳಿಯುತ್ತದೆ, ಕಂಪ್ಯೂಟರಿನಲ್ಲೇ ನೆಟ್‌ವರ್ಕಿನ ಅಣಕು ಕಟ್ಟಿ ನೋಡುವ ಮಿನಿನೆಟ್, ಎನ್‌ಎಸ್-2 ಮತ್ತು ಎನ್‌ಎಸ್-3 ತಂತ್ರಾಂಶಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಸಿಮ್ಯುಲೇಶನ್ ಲ್ಯಾಬ್ ನಡೆಸುವವರಿಗೆ ಅದು ಕೈಗೆ ಬರುವ ಪುಸ್ತಕ. ಪಾಠಕ್ಕೆ ಒಂದು, ಲ್ಯಾಬಿಗೆ ಇನ್ನೊಂದು ಅಂತ ಯಾರಾದರೂ ಇಟ್ಟುಕೊಂಡರೆ ತಪ್ಪೇನಿದೆ? ಈ ಹೋಲಿಕೆ ನಿಮ್ಮ ಲೇಖನಕ್ಕೆ ಬೇಕೇ ಬೇಕು. ಒಂದೇ ಪುಸ್ತಕ ಓದಿ ‘ಅತ್ಯಂತ ಸೂಕ್ತ’ ಅನ್ನೋಕೆ ಬರುವುದಿಲ್ಲ.

‘ಪುಸ್ತಕ ಸಂಪೂರ್ಣ ಆಧುನಿಕವಾಗಿದೆ’ ಅನ್ನುವ ಸಾಲನ್ನು ನಾನಾಗಿದ್ದರೆ ಹೊಡೆದುಹಾಕುತ್ತಿದ್ದೆ. ಕ್ಲೌಡ್ ಬಗ್ಗೆ ಬರೆದಿದ್ದಾರೆ ಅನ್ನುವುದು ಅದಕ್ಕೆ ನೀವು ಕೊಟ್ಟ ಒಂದೇ ಕಾರಣ. ಹಾಗೆ ನೋಡುವುದಲ್ಲ. ಟಿಸಿಪಿಯ ಕೆಲಸವನ್ನೇ ಹೊಸ ರೀತಿಯಲ್ಲಿ ಮಾಡುವ ಕ್ವಿಕ್ 2021ರಲ್ಲಿ ಆರ್‌ಎಫ್‌ಸಿ 9000 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆ ಆಯಿತು, ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿ 3 ಅದರ ಮೇಲೆ 2022ರಲ್ಲಿ ಬಂತು. 1981ರ ಟಿಸಿಪಿ ದಾಖಲೆಯ ಜಾಗಕ್ಕೂ ಅದೇ 2022ರಲ್ಲಿ ಆರ್‌ಎಫ್‌ಸಿ 9293 ಬಂತು. ಪುಸ್ತಕ ಕ್ವಿಕ್ ಬಗ್ಗೆ ಎಷ್ಟು ಹೇಳುತ್ತದೆ? ಇದೆ, ಆದರೆ ಚಿಕ್ಕದು. ದಟ್ಟಣೆ ನಿಯಂತ್ರಣದ ಹೊಸ ವಿಧಾನ ಬಿಬಿಆರ್ ಇದೆ, ಅದು ಒಳ್ಳೆಯ ಸಂಗತಿ. ನೆಟ್‌ವರ್ಕ್ ಮೂಲಕ ಮಾತಾಡುವ ಸಾಕೆಟ್ ಪ್ರೋಗ್ರಾಮಿನ ಉದಾಹರಣೆ ಸಿ ಭಾಷೆಯಲ್ಲಿದೆ. ನಿಮ್ಮ ವಿದ್ಯಾರ್ಥಿಗಳು ಪೈಥಾನ್‌ನಲ್ಲಿ ಜಾಸ್ತಿ ಬರೆಯುವವರಾದರೆ ಅದು ಅಡ್ಡಿಯಾಗುತ್ತದಾ, ಅಥವಾ ಒಮ್ಮೆ ಸಿ ನೋಡಿದರೆ ಒಳಗೇನು ನಡೆಯುತ್ತದೆ ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತದಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ, ನೀವು ಒಪ್ಪದಿದ್ದರೆ ಒಪ್ಪುವುದಿಲ್ಲ ಅಂತಲೇ ಬರೆಯಿರಿ.

ಬರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಪಾಠ ಮಾಡುವಾಗ ಹೇಗೆ ಮಾತಾಡುತ್ತೀರೋ ಹಾಗೆ ಬರೆದ ಎರಡು ಪ್ಯಾರಾ ಮಧ್ಯದಲ್ಲಿವೆ. ಹಾಸ್ಟೆಲ್ಲಿನಲ್ಲಿ ನೆಟ್ ನಿಧಾನವಾದಾಗ ಎಲ್ಲರೂ ರೂಟರನ್ನು ಬೈಯುತ್ತಾರೆ, ಪ್ಯಾಕೆಟ್ಟುಗಳ ಕ್ಯೂ ಎಲ್ಲಿ ತುಂಬಿದೆ ಅಂತ ಯಾರೂ ನೋಡುವುದಿಲ್ಲ ಅಂತ ಬರೆದಿದ್ದೀರಲ್ಲ, ಅದು. ಲೇಖನ ಅಲ್ಲಿಂದ ಶುರುವಾಗಲಿ. ಜಾಗತೀಕರಣದ ಯುಗ, ಜ್ಞಾನದ ಪ್ರಜಾಪ್ರಭುತ್ವ ಅಂತೆಲ್ಲ ಇರುವ ಮೊದಲ ಪುಟ ಪೂರ್ತಿ ಹೋಗಲಿ. ಲೇಖಕರ ಹಿನ್ನೆಲೆ ಎರಡು ಸಾಲಿಗೆ ಇಳಿಯಲಿ. ಅಂಕಗಳ ಕೋಷ್ಟಕ ಬೇಡ.

ಹೀಗೆ ಮಾಡಿ. ಇಡೀ ಲೇಖನವನ್ನು ಒಂದೇ ಸಲ ತಿದ್ದೋಕೆ ಹೋಗಬೇಡಿ. ಐದನೇ ಅಧ್ಯಾಯದ ವಿಂಡೋ ಭಾಗ, ಇಲ್ಲವೇ ನಿಮಗೆ ಇಷ್ಟವಾದ ಇನ್ನೊಂದು ಭಾಗವನ್ನು ಒಂದು ತರಗತಿಗೆ ಓದಿಕೊಂಡು ಬರಲು ಕೊಡಿ. ಮರುದಿನ ಪುಸ್ತಕ ಮುಚ್ಚಿಸಿ, ಮೇಲೆ ಹೇಳಿದ 100 ಎಂಬಿಪಿಎಸ್ ಲೆಕ್ಕದಂಥ ಒಂದು ಪ್ರಶ್ನೆ ಕೇಳಿ. ಎಲ್ಲಿ ತಪ್ಪಿದರು, ಪುಸ್ತಕದ ಯಾವ ಮಾತಿನಿಂದ ತಪ್ಪಿದರು, ಯಾವ ಚಿತ್ರ ಕೈಹಿಡಿಯಿತು ಅಂತ ಬರೆದಿಡಿ. ಯಾರ ಹೆಸರೂ ಬೇಡ, ಕಾಲೇಜಿನ ಹೆಸರೂ ಬೇಡ. ಅಷ್ಟನ್ನೇ ಒಂದು ನಾನೂರು ಪದಗಳಲ್ಲಿ ನನಗೆ ಕಳಿಸಿ. ಫಲಿತಾಂಶ ಪುಸ್ತಕಕ್ಕೆ ವಿರುದ್ಧವಾಗಿ ಬಂದರೂ ಪರವಾಗಿಲ್ಲ. ಅದನ್ನು ನೋಡಿ ಉಳಿದ ಭಾಗ ಹೇಗೆ ಕಟ್ಟುವುದು ಅಂತ ಫೋನಿನಲ್ಲಿ ಮಾತಾಡೋಣ.